ಮಚ್ಛೇಂದ್ರ ಎಳೆದ ಗೆರೆ

ಆ ದಿನದ ಫಜೀತಿಗೆಲ್ಲ ಕಾರಣ ಸಾಸಿವೆಯಷ್ಟು ಒಂದು ಉಬ್ಬು.

ನೌಬಾದದ ಹತ್ತಿರದ ಔಷಧ ಕಾರ್ಖಾನೆಯಲ್ಲಿ ಮಚ್ಛೇಂದ್ರನದು ಪರೀಕ್ಷೆಯ ಕೆಲಸ. ಗುಳಿಗೆಯ ದ್ರಾವಣ ಯಂತ್ರದೊಳಗೆ ಹಾಯ್ದರೆ ಒಂದೊಂದು ಅಂಶಕ್ಕೆ ಒಂದೊಂದು ಶಿಖರ ಕಂಪ್ಯೂಟರಿನಲ್ಲಿ ಏಳುತ್ತದೆ. ಸಾಫ್ಟ್‌ವೇರ್ ತಾನೇ ಬುಡದಲ್ಲಿ ಗೆರೆ ಎಳೆದು, ಗೆರೆಯ ಮೇಲಿನದನ್ನು ಅಳೆಯುತ್ತದೆ. ದೊಡ್ಡ ಶಿಖರ ಔಷಧಿ. ಅದರ ಮಗ್ಗುಲಲ್ಲಿ, ಎಮ್ಮೆಯ ಬೆನ್ನೇರಿದ ಕಾಗೆಯಂತೆ, ಈ ಉಬ್ಬು, ಕಲ್ಮಶ. ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು.

ಮಿತಿ ದಾಟಿದರೆ ತನಿಖೆ. ತನಿಖೆಯೆಂದರೆ ರಾತ್ರಿಯವರೆಗೆ ಕೂಡಬೇಕು. ಔರಾದ ಕಡೆ ಬಾವಿಗಳು ಬತ್ತಿ, ಅಕ್ಕ ಶೇವಂತಾಬಾಯಿ ಊರು ಬಿಟ್ಟು ದುಡಿಯಲು ಹೊರಟು, ಸಂಜೆ ಆರಕ್ಕೆ ಭಾಲ್ಕಿಯಲ್ಲಿ ಮುಂಬೈ ರೈಲು ಹತ್ತುವವಳಿದ್ದಳು.

“ತಮ್ಮಾ, ಬರ್ತಿಯಿಲ್ಲೋ? ಮತ್ತ ಯಾವಾಗ ನೋಡ್ತೇನೋ ಏನೋ,” ಎಂದಿದ್ದಳು ಫೋನಿನಲ್ಲಿ.

“ಬರ್ತೇನಕ್ಕ.”

ಪಕ್ಕದ ಮೇಜಿನ ಹಾವಗೆಪ್ಪ ಇಣುಕಿದ. “ಗೆರಿ ದೇವ್ರು ಎಳದದ್ದೇನ್ರಿ? ಕೈಲೆ ಜರಾ ಮ್ಯಾಲ ಎತ್ರಿ. ಉಬ್ಬು ಮುಣಗತದ.”

“ಬ್ಯಾಡ್ರಿ ಭಾಯಿ,” ಎಂದಳು ಎದುರಿನ ಮೇಜಿನ ಖತೀಜಾ ಬೇಗಂ. “ಮೊದ್ಲ ಸಾಹೇಬರಿಗಿ ಹೇಳ್ರಿ.”

“ಹೇಳಿದ್ರ ಇವ್ರ ಅಕ್ಕ ಮುಂಬೈ ಮುಟ್ಟಿರ್ತಾಳ!”

ಮಚ್ಛೇಂದ್ರ ದೇವರನ್ನು ನೆನೆದು ಗೆರೆ ಹಿಡಿದ. ತಪ್ಪಿಗೆ ಹೊರಟವನೂ ದೇವರನ್ನೇ ನೆನೆಯುತ್ತಾನೆ. ಗೆರೆ ಎತ್ತಿದರೆ ಉಬ್ಬು ಮುಳುಗಿತು, ಔಷಧಿಯೂ ಕಡಿಮೆಯಾಯಿತು. ಇಳಿಸಿದರೆ ಉಬ್ಬು ಮತ್ತೆ ಎದ್ದಿತು. ಗಿಡ್ಡ ಕೌದಿ, ತಲೆ ಮುಚ್ಚಿದರೆ ಕಾಲು ಹೊರಗೆ. ಏಳನೆಯ ಸಲ ಎಲ್ಲ ಮುಚ್ಚಿತು.

ಮುಖ್ಯಸ್ಥ ಮಲ್ಲಿಕಾರ್ಜುನಪ್ಪ ಬಂದು ಒಂದು ಗುಂಡಿ ಒತ್ತಿದರು. ಸಾಫ್ಟ್‌ವೇರ್ ತಾನಾಗಿಯೇ ದಾಖಲಿಸಿಟ್ಟಿದ್ದ ಏಳೂ ಗೆರೆ, ಹೆಸರು, ಗಂಟೆ ನಿಮಿಷ ಸಮೇತ ಹೊರಬಿದ್ದವು. ಹಾವಗೆಪ್ಪ ಚಹಾಕ್ಕೆ ಹೋದ.

“ಏಳು ಸಲ! ಏನ್ರಿ, ಹೊಲದಾಗ ನೇಗಿಲ ಹೊಡೀಲತ್ತೀರೇನು?”

“ಸಾಹೇಬ್ರ, ಅಕ್ಕ ಊರ ಬಿಟ್ಟು...”

“ಔಷಧಿ ಇಲ್ಲದ್ದು, ಬರೇ ನೀರಿನ ದ್ರಾವಣ ಹಾಯಿಸಿ ನೋಡಿದ್ರೇನು?”

ನೋಡಿರಲಿಲ್ಲ. ಸಾಹೇಬರೇ ಹಾಯಿಸಿದರು. ದೊಡ್ಡ ಶಿಖರವಿಲ್ಲ, ಅದೇ ಜಾಗದಲ್ಲಿ ಅದೇ ಉಬ್ಬು, ಒಂದಿಷ್ಟೂ ಕಡಿಮೆಯಿಲ್ಲದೆ ನಿಂತಿತ್ತು. ಕಾರ್ಖಾನೆಯ ಬೋರು ಬತ್ತಿ ಟ್ಯಾಂಕರ್ ನೀರು ಬಂದಿತ್ತು. ಕಲ್ಮಶ ನೀರಿನದು. ಔಷಧಿ ಶುದ್ಧವೇ ಇತ್ತು.

“ಇದನ್ನ ತೋರಿಸಿದ್ರ ಮೂರು ಗಂಟೆಗೇ ಬಿಟ್ಟು ಕಳಸ್ತಿದ್ದೆನಲ್ಲ ಮಾರಾಯಾ,” ಎಂದರು, ಸಿಟ್ಟಿಗಿಂತ ನೋವಿನಿಂದಲೇ. “ಈಗ ತನಿಖಿ ಔಷಧಿದಲ್ಲ, ನಿಮ್ದು. ಕೂಡ್ರಿ. ಏಳೂ ಗೆರಿಗಿ ಕಾರಣ ಬರೀರಿ.”

ಮಚ್ಛೇಂದ್ರ ದಾಖಲೆ ಪುಸ್ತಕ ತೆರೆದು ಮೊದಲ ಕಾರಣವಾಗಿ ‘ಅಕ್ಕ’ ಎಂದು ಬರೆದ. ಹೊಡೆದು ಹಾಕಿದ. ಆ ಪುಸ್ತಕದಲ್ಲಿ ಹೊಡೆದ ಪದಕ್ಕೂ ಸಹಿ ಹಾಕಿ, ಸಮಯ ಬರೆಯಬೇಕು.

ಬರೆದ: ಸಂಜೆ ಆರು ಗಂಟೆ.