ಚಿತ್ರಕಥೆ ಓದುವ ಮೇಡಂ

ಕಾಲೇಜಿನಲ್ಲಿ ಕನ್ನಡ ಕಲಿಸುವ ಹೆಂಗಸೊಬ್ಬಳು ಮಕ್ಕಳ ಚಿತ್ರಕಥೆ ಹಿಡಿದು ಕೂತರೆ, ಅದೇನೋ, ನೋಡಿದವರಿಗೆಲ್ಲ ಅನುಮಾನ ಹುಟ್ಟುತ್ತದೆ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಗಂಗಾವತಿಯಲ್ಲಿ ಪಾಠ ಮಾಡುತ್ತ ಎಂ.ಫಿಲ್.ಗೆ ಪ್ರಬಂಧ ಬರೆಯುತ್ತಿದ್ದೆ. ವಿಷಯ: ಸಾಹಸ ಚಿತ್ರಕಥೆಗಳಲ್ಲಿ ಗಂಡು-ಹೆಣ್ಣಿನ ಪಾತ್ರಚಿತ್ರಣ. ಅಂದರೆ, ಆಕಾಶದಲ್ಲಿ ಹಾರಾಡುವ ವೀರರು, ಅವರು ಬಂದು ಹಿಡಿಯಲೆಂದೇ ಮಹಡಿಯಿಂದ ಬೀಳುವ ಹೆಂಗಸರು. ಗಂಭೀರವಾದ ಕೆಲಸವೇ. ಯಾರೂ ನಂಬಲಿಲ್ಲ.

ಬಸ್ ಸ್ಟ್ಯಾಂಡಿನ ಚಾಚಾ

ಬಸ್ ಸ್ಟ್ಯಾಂಡಿನಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ ಚಾಚಾ ಚಿತ್ರಕಥೆಗಳನ್ನು ದಿನಬಾಡಿಗೆಗೂ ಕೊಡುತ್ತಿದ್ದರು. ನಾನು ಒಂದು ಕಟ್ಟು ಆರಿಸಿ ಮುಂದಿಟ್ಟೆ.

"ಎಷ್ಟು ಮಕ್ಕಳ್ರೀ ಮೇಡಂ?"

"ಇನ್ನೂ ಮದುವಿ ಆಗಿಲ್ರಿ."

ಚಾಚಾ ಕಟ್ಟನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಹಂಗಾದ್ರ ಇವು ಯಾರಿಗೆ? ನೀವೂ ಬಾಡಿಗಿ ಅಂಗಡಿ ಇಡಾವ್ರೇನು?"

"ಇಲ್ರಿ ಚಾಚಾ, ಇವನ್ನ ಓದಿ ಪ್ರಬಂಧ ಮಾಡ್ತೀನಿ."

"ಬಂದ್ ಮಾಡ್ತೀರಾ?" ಚಾಚಾ ಎದ್ದೇ ನಿಂತರು. "ನಾ ಏನ್ ತಪ್ಪು ಮಾಡೀನಿ ಅಂತ ನನ್ನ ಅಂಗಡಿ ಬಂದ್ ಮಾಡ್ತೀರವ್ವಾ?"

ತನಿಖೆ

ಈ ಸುದ್ದಿ ಪ್ರಿನ್ಸಿಪಾಲರಿಗೂ ಮುಟ್ಟಿತು. ಕರೆಸಿ ನನ್ನ ಚೀಲದಿಂದ ಒಂದು ಪುಸ್ತಕ ತೆಗೆಸಿದರು. ಮುಖಪುಟದಲ್ಲಿ ವೀರನೊಬ್ಬ ಹೆಂಗಸನ್ನು ಎತ್ತಿಕೊಂಡು ಹಾರುತ್ತಿದ್ದ.

"ಇದು ಕಾಲೇಜಿಗೆ ಶೋಭಾ ಅಲ್ಲ. ತನಿಖೆ ಆಗಬೇಕು," ಎಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಮೂರು ವಾರ ಕಳೆಯಿತು. ಕೆಲಸ ಹೋದೀತೆಂದು ನಾನು ದಿನಾ ಜವಾನನನ್ನು ವಿಚಾರಿಸುತ್ತಿದ್ದೆ. "ಸಾಹೇಬ್ರು ಬಾಗಲಾ ಹಾಕ್ಕೊಂಡು ಕುಂತಾರ್ರಿ, ಯಾರನ್ನೂ ಒಳಗ ಬಿಡವಲ್ರು," ಎಂದು ಜವಾನ ಹೇಳಿದ ಮೇಲೆ ಧೈರ್ಯ ಮಾಡಿ ಹೋದೆ.

"ಸರ್, ತನಿಖೆ ಎಲ್ಲಿಗೆ ಬಂತ್ರಿ?"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಡದೈತಿ. ಇದರ ಮುಂದಿನ ಭಾಗ ಐತೇನು?"

ಹುಲಿಗಿ ಬಸ್ಸು

ಮಂಗಳವಾರ ದೇವಿಯ ದರ್ಶನಕ್ಕೆ ಹೊರಟ ಹುಲಿಗಿ ಬಸ್ಸಿನಲ್ಲಿ ಪಕ್ಕದ ಅಜ್ಜಿ ನನ್ನ ಪುಸ್ತಕದೊಳಗೆ ಇಣುಕಿದಳು.

"ಯಾರವ್ವಾ ಇವ?"

"ಜಗತ್ತು ಕಾಯಾವ, ಅಜ್ಜಿ."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದಳು. "ಪ್ಯಾಂಟಿನ ಮ್ಯಾಗ ಚಡ್ಡಿ ಹಾಕ್ಕೊಂಡಾನಲ್ಲ. ಹೇಳಾಕ ಮನ್ಯಾಗ ತಾಯಿ ಇಲ್ಲೇನು ಇವಗ?"

ಈ ವೀರರಿಗೆ ತಾಯಿಯೇ ಇರುವುದಿಲ್ಲ ಎಂದು ಕಂಡುಹಿಡಿಯಲು ನನಗೆ ಎರಡು ಅಧ್ಯಾಯ ಬೇಕಾಗಿದ್ದವು.

ಮನೆಯೊಡತಿಯ ಕನ್ನಡಕದ ಗಂಡ

ನಾನು ಬಾಡಿಗೆಗಿದ್ದ ಮನೆಯ ಒಡತಿ ಒಂದು ದಿನ ನನ್ನ ಟಿಪ್ಪಣಿ ವಹಿ ಹಿಡಿದು ಬಂದಳು. ಕಟ್ಟೆಯ ಮೇಲೆ ಮರೆತು ಬಿಟ್ಟಿದ್ದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು: "ಹಗಲು ಕಚೇರಿಯಲ್ಲಿ ಕನ್ನಡಕದ ಸಾಧು ಮನುಷ್ಯ. ಸಂಜೆ ಬೇರೆಯೇ ವೇಷ. ಜೊತೆಗಿರುವವಳಿಗೆ ಸುಳಿವೂ ಇಲ್ಲ."

"ಅದು ಪುಸ್ತಕದಾಗಿನ ಮಂದಿ ಸುದ್ದಿ, ಅಕ್ಕಾ."

"ಸುಳ್ಳು ಹೇಳಬ್ಯಾಡ್ರಿ ಮೇಡಂ. ನಮ್ಮನಿಯವರಿಗೂ ಕನ್ನಡಕ ಐತಿ, ಕಚೇರ್ಯಾಗ ಅದಾರ. ತಿಂಗಳಿಂದ ಸಂಜಿಕ ಎರಡು ತಾಸು ವಾಕಿಂಗ ಅಂತ ಹೋಗ್ತಾರ. ಹೊಟ್ಟಿ ಮಾತ್ರ ಹಂಗ ಐತಿ!" ಅವಳ ಕಣ್ಣು ತುಂಬಿತ್ತು.

ನನ್ನ ಸಂಶೋಧನೆ ಒಂದು ಸಂಸಾರ ಒಡೆಯಿತಲ್ಲ ಎಂದು ವಹಿ ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟೆ. ಮರುದಿನ ಸಂಜೆ ಅವಳು ನನ್ನನ್ನೂ ಎಳೆದುಕೊಂಡು ಗಂಡನ ಹಿಂದೆ ಹೊರಟಳು. ಆತ ಅಕ್ಕಿ ಗಿರಣಿಯ ಹಿಂದಿನ ಗೋದಾಮಿಗೆ ನುಗ್ಗಿ ಬಾಗಿಲು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಗಸಿನ ದನಿ: "ಸ್ವಾಮೀ, ನನ್ನ ಕೈ ಬಿಡಬೇಡಿ!"

ಒಡತಿ ಎರಡೂ ಕೈಯಿಂದ ಬಾಗಿಲು ನೂಕಿದಳು.

ಒಳಗೆ ಕಚೇರಿಯ ಗುಮಾಸ್ತರೆಲ್ಲ ನಾಟಕದ ತಾಲೀಮು ನಡೆಸಿದ್ದರು. ಹೆಣ್ಣುಪಾತ್ರಕ್ಕೆ ಹೆಂಗಸರು ಯಾರೂ ಸಿಕ್ಕಿರಲಿಲ್ಲ. ನಟ್ಟನಡುವೆ ಒಡತಿಯ ಯಜಮಾನರು: ಹೆಂಡತಿಯ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮೂಗಿನ ಮೇಲೆ ಅದೇ ಕನ್ನಡಕ.

"ನಾಚಿಕಿ ಆಗಿ ನಿನಗ ಹೇಳಲಿಲ್ಲ," ಎಂದರು, ಇನ್ನೂ ಹೆಣ್ಣು ದನಿಯಲ್ಲೇ.

ಒಡತಿ ಗಂಡನ ಸುತ್ತ ಒಂದು ಸುತ್ತು ಬಂದಳು. ಸೆರಗು ನೋಡಿದಳು, ಬಗ್ಗಿ ನೆರಿಗೆ ಎಣಿಸಿದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇಷ್ಟು ಛಲೋ ನೆರಿಗಿ ಹಿಡಿಯಾಕ ಬರ್ತೈತಿ. ಮನ್ಯಾಗ ಒಂದು ಚಾದರ ಮಡಚಾಕ ಬರಂಗಿಲ್ಲೇನ್ರಿ?"