ಗುರಲಿಂಗಪ್ಪನ ಬುತ್ತಿ

ಟಿಕೋಟಾ ಬಸ್ ನಿಲ್ದಾಣದ ಎದುರು ಹದಿನೆಂಟು ವರ್ಷಗಳಿಂದ ಮಿರ್ಚಿ ಭಜಿ ಕರಿಯುತ್ತಿದ್ದ ಗುರಲಿಂಗಪ್ಪ ಅಂದು ಮೊದಲ ಭಜಿ ತಿನ್ನಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ದಿನವೂ ಬಾಣಲೆಯಿಂದ ಎದ್ದ ಮೊದಲ ಭಜಿಯನ್ನು ಗಿರಾಕಿಗಳೆದುರೇ ಮುರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವುದು ಅವನ ಪದ್ಧತಿ. ತಲೆ ಅಲ್ಲಾಡಿತೆಂದರೆ ವ್ಯಾಪಾರ ಶುರು.

ಆದರೆ ಹಿಂದಿನ ದಿನ ಜಲನಗರದ ಡಾಕ್ಟರ್ ಮೃಣಾಲ ಅವನ ರಕ್ತದ ವರದಿ ನೋಡಿ ಕನ್ನಡಕ ತೆಗೆದಿಟ್ಟಿದ್ದರು.

"ಕಾಯಿಸಿದ ಎಣ್ಣಿನ ಮತ್ತ ಮತ್ತ ಕಾಯಿಸಿ ಕರದದ್ದು ತಿಂದ್ರ ಮೈಯೊಳಗ ಸಣ್ಣ ಉರಿ ಹತ್ತತದ. ಮಳಿಗಾಲದಾಗ ಬಾಗಿಲಾ ಉಬ್ಬಿ ಕೂಡ್ತದಲ್ಲ, ಹಂಗ. ಇನ್ಸುಲಿನ್ ಅನ್ನೋ ಕೀಲಿಕೈ ಹಾಕಿ ತಿರುವಿದ್ರೂ ತೆರಿಯಂಗಿಲ್ಲ. ಸಕ್ಕರಿ ರಕ್ತದಾಗೇ ನಿಂತಬಿಡ್ತದ."

"ಹಂಗಾರ ಏನ್ ಮಾಡ್ಲಿರಿ?"

"ಈ ಗುಳಿಗಿ ದಿನಾ ಮುಂಜಾನಿ ತಗೋರಿ. ಭಜಿ ಬಿಡ್ರಿ. ರೊಟ್ಟಿ, ಕಾಳಪಲ್ಯ, ಅಗಸಿ ಹಿಂಡಿ ತಿನ್ರಿ. ಅಗಸಿಯೊಳಗಿನ ಎಣ್ಣಿ ಆ ಉರಿ ಇಳಿಸ್ಲಿಕ್ಕೆ ಸಹಾಯ ಮಾಡ್ತದ. ಒಂದು ತಿಂಗಳು ನೋಡೂಣು. ನಿಮ್ಮ ಕೈಲೆ ಆಗ್ಲಿಲ್ಲಂದ್ರ ಸೂಜಿ ಶುರು ಮಾಡೂಣು."

ಕುದಿಯುವ ಎಣ್ಣೆಗೆ ಅಂಜದ ಗುರಲಿಂಗಪ್ಪ ಸೂಜಿಯ ಹೆಸರಿಗೇ ಬೆವರುವ ಮನುಷ್ಯ. ಇನ್ನು ಭಜಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಧರ್ಮಬುದ್ಧಿಯವನಾದ್ದರಿಂದ ಗಿರಾಕಿಗಳ ಮೈ ಉರಿಯೂ ಬೇಡವೆಂದು ಮರುದಿನ ಬೆಳಗ್ಗೆ ಹಳೆಯ ಎಣ್ಣೆ ಚೆಲ್ಲಿ ಹೊಸದು ಸುರಿದ.

"ಯಾಕ್ರಿ ಯಜಮಾನ್ರ, ಇವತ್ತ ನೀವು ತಿನ್ನಲಿಲ್ಲ?" ಎಂದ ಆಟೋದ ಮುರ್ತುಜಾಸಾಬ, ಬೆಳಗಿನ ಮೊದಲ ಗಿರಾಕಿ.

"ಹೊಟ್ಟಿ ಸರಿ ಇಲ್ಲೋ ಮಾರಾಯಾ."

ಭಜಿ ಮಾರುವವನು ಆಡಬಾರದ ಮಾತು ಇದೊಂದೇ. ಮುರ್ತುಜಾಸಾಬ ಕೈಯಲ್ಲಿದ್ದ ಭಜಿಯನ್ನು ಮೆಲ್ಲಗೆ ಕೆಳಗಿಟ್ಟ. ಪಕ್ಕದ ಪಾನಪಟ್ಟಿಯ ಬಸಲಿಂಗಯ್ಯ ಬಂದು ಬಾಣಲೆ ಇಣುಕಿದ.

"ಎಣ್ಣಿ ನೀರಿನಂಗ ಐತಲ್ಲೋ. ನಿನ್ನಿದು ಏನಾತು?"

"ಚೆಲ್ಲಿದೆ."

"ಏನರೆ ಬಿದ್ದಿತ್ತೇನು?"

ಅಷ್ಟೇ ಸಾಕಾಯಿತು. ಅರ್ಧ ತಾಸಿನಲ್ಲಿ ಎಣ್ಣೆಯಲ್ಲಿ ಹಲ್ಲಿ ಬಿದ್ದಿತ್ತಂತೆ ಎಂಬ ಸುದ್ದಿ ಹಬ್ಬಿತು. ಬಬಲೇಶ್ವರದ ಬಸ್ಸು ಬರುವ ಹೊತ್ತಿಗೆ ಹಲ್ಲಿ ಎರಡಾಗಿದ್ದವು. ಭಜಿ ಗುಡ್ಡೆ ಬಿದ್ದು ತಣ್ಣಗಾದವು.

ಮಧ್ಯಾಹ್ನ ಹಸಿವು ತಡೆಯದೆ ಗುರಲಿಂಗಪ್ಪ ಗೋಡೆಗೆ ಮುಖ ಮಾಡಿ ಕೂತು, ಹೆಂಡತಿ ಕಾಶಿಬಾಯಿ ಕಟ್ಟಿದ ಬುತ್ತಿ ಬಿಚ್ಚಿದ. ಆಹಾ, ಆ ಬುತ್ತಿಯೇ ಬುತ್ತಿ. ಬೆಳದಿಂಗಳಷ್ಟು ಬಿಳಿಯ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಹಸಿ ಮೆಂತೆ, ಉಳ್ಳಾಗಡ್ಡಿ, ಅಗಸಿ ಹುರಿದು ಖಾರ ಹಾಕಿ ಕುಟ್ಟಿದ ಹಿಂಡಿ. ಅದರ ಮೇಲೆ ಗಾಣದ ಕುಸುಬಿ ಎಣ್ಣೆ ಒಂದೇ ಚಮಚ. ಹುರಿದ ಅಗಸಿಯ ವಾಸನೆ ರಸ್ತೆ ದಾಟಿತು.

"ನೋಡ್ರೆಪಾ, ಭಜಿ ಮಾರಾವ ರೊಟ್ಟಿ ಕದ್ದು ತಿನ್ನಾಕತ್ತಾನ," ಎಂದ ಮುರ್ತುಜಾಸಾಬ. ಮೊದಲ ತುತ್ತು ಬಾಯಿಗೆ ಹೋಗುವ ಮುನ್ನವೇ ಮಂದಿ ಸುತ್ತುವರಿದರು.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಗುರಲಿಂಗಪ್ಪ ಉರಿ, ಉಬ್ಬಿದ ಬಾಗಿಲು, ಕೀಲಿ, ಸೂಜಿ ಎಲ್ಲವನ್ನೂ ಒದರಿಬಿಟ್ಟ. ಬಸಲಿಂಗಯ್ಯ ಬುತ್ತಿಯ ಎದುರು ಕುಕ್ಕರಗಾಲಲ್ಲಿ ಕೂತ.

"ನನಗೂ ಸಕ್ಕರಿ ಐತೋ," ಎಂದವನೇ ಒಂದು ರೊಟ್ಟಿ ಎತ್ತಿಕೊಂಡ.

ಆಮೇಲೆ ಬುತ್ತಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬಸ್ಸಿನವರೂ ಇಳಿದು ಕೈ ಚಾಚಿದರು. ಗುರಲಿಂಗಪ್ಪ ಮನೆಗೆ ಫೋನು ಮಾಡಿದ. ಕಾಶಿಬಾಯಿ ತಾಸೊಪ್ಪತ್ತಿನಲ್ಲಿ ನಲವತ್ತು ರೊಟ್ಟಿ ಬಡಿದು, ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಒಂದೂ ಸುಟ್ಟಿರಲಿಲ್ಲ, ಒಂದೂ ಹರಿದಿರಲಿಲ್ಲ. ಹದಿನೆಂಟು ವರ್ಷ ಇಂಥ ಕೈ ಮನೆಯಲ್ಲೇ ಇದ್ದೂ ತಾನು ಎಣ್ಣೆ ಕಾಯಿಸುತ್ತ ಕೂತೆನಲ್ಲ ಎಂದು ಗುರಲಿಂಗಪ್ಪನಿಗೆ ಕಣ್ಣು ತುಂಬಿ ಬಂತು.

ಅವನು ತನಗೆಂದು ಎರಡು ರೊಟ್ಟಿ ತೆಗೆದಿಟ್ಟ, ಯಾರೋ ಎತ್ತಿಕೊಂಡರು. ಮತ್ತೆ ಎರಡು ಮುಚ್ಚಿಟ್ಟ. "ದೂರದಿಂದ ಬಂದಾರ್ರಿ, ಇರ್ಲಿ," ಎಂದು ಕಾಶಿಬಾಯಿಯೇ ತೆಗೆದು ಕೊಟ್ಟಳು.

ಇಳಿಹೊತ್ತಿಗೆ ಘೋಣಸಗಿಯ ತಪಾಸಣಾ ಶಿಬಿರ ಮುಗಿಸಿ ಬರುತ್ತಿದ್ದ ಡಾಕ್ಟರ್ ಮೃಣಾಲ ಗುಂಪು ಕಂಡು ಕಾರು ನಿಲ್ಲಿಸಿದರು. ವಿಷಯ ಕೇಳಿ ಹಿಗ್ಗಿದರು. ಬುಟ್ಟಿಯ ತಳದಲ್ಲಿದ್ದ ಕೊನೆಯ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು, ಅಗಸಿಯ ಮಹಿಮೆಯನ್ನು ಮಂದಿಗೆ ವಿವರಿಸುತ್ತ ಸಾವಕಾಶವಾಗಿ ತಿಂದರು.

ಬೆಳಗ್ಗೆ ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿದ್ದ ಗುರಲಿಂಗಪ್ಪನಿಗೆ ಸಕ್ಕರೆ ಒಮ್ಮೆಲೇ ಇಳಿದು, ಕಣ್ಣು ಕತ್ತಲಿಟ್ಟಿತು. ಎದುರಿಗೆ ತಿನ್ನಲು ಉಳಿದದ್ದು ಒಂದೇ. ಯಾರೂ ನೋಡುತ್ತಿಲ್ಲವೆಂದು ತಣ್ಣನೆಯ ಎರಡು ಭಜಿಗಳನ್ನು ಒಟ್ಟಿಗೇ ಬಾಯಿಗೆ ತುರುಕಿಕೊಂಡ.

ಡಾಕ್ಟರು ಆಗಲೇ ತಿರುಗಿದರು.

"ಒಂದು ದಿನಾನೂ ತಡಕೊಳ್ಳಲಿಲ್ಲಲ್ರಿ," ಎಂದರು ನೊಂದ ದನಿಯಲ್ಲಿ. "ನಿಮ್ಮ ಕೈಲೆ ಆಗಂಗಿಲ್ಲ. ನಾಳೆ ಬರ್ರಿ, ಸೂಜಿನೇ ಶುರು ಮಾಡೂಣು."

ಬಾಯಿ ತುಂಬ ಭಜಿಯಿದ್ದ ಗುರಲಿಂಗಪ್ಪ ಖಾಲಿ ಬುಟ್ಟಿಯತ್ತ ಬೆರಳು ಮಾಡಿದ. ಡಾಕ್ಟರು ಬೆರಳಿಗಂಟಿದ ಹಿಂಡಿಯನ್ನು ಚೀಪಿ, ಕಾರಿನ ಬಾಗಿಲು ತೆರೆದರು.

"ಬರೂ ಮುಂದ ನನಗೊಂದು ಬುತ್ತಿ ಕಟ್ಟಿಸ್ಕೊಂಡು ಬರ್ರಿ."