ಕಾಕಾನ ಕಣ್ಣಿಗೆ ಬಿದ್ದ ಕಳ್ಳಿ

ನಮ್ಮ ಕಾಕಾಗೆ ಮನುಷ್ಯರ ಮುಖ ಕಾಣುವುದಿಲ್ಲ! ಎದುರಿಗೆ ನಿಂತರೆ ಕಾಣುತ್ತದೆ. ಸಂತೆಯ ಗದ್ದಲದಲ್ಲೂ ಗುರುತು ಹಿಡಿದು ಕೂಗಿ ಕರೆಯುತ್ತಾರೆ. ಫೋಟೋದಲ್ಲಿ ಮಾತ್ರ ಕಾಣುವುದಿಲ್ಲ. ಅಲ್ಲಿ ಅವರು ಹುಡುಕುವುದು ಒಂದನ್ನೇ. ಹಿಂದೆ ಎಲ್ಲಾದರೂ ಕಳ್ಳಿಗಿಡ ನಿಂತಿದೆಯೇ?

ಕಳ್ಳಿ ಅಂದರೆ ಕುಂಡದಲ್ಲಿಟ್ಟು ಮುದ್ದು ಮಾಡುವ ಗಿಡ್ಡ ಕಳ್ಳಿ ಅಲ್ಲ. ಹೊಲದ ಬದುವಿನ ಮೇಲೆ ಆಳೆತ್ತರ ಮೀರಿ ಮರವಾಗಿ ನಿಲ್ಲುವ, ಮುರಿದರೆ ಹಾಲು ಸುರಿಸುವ ಕಳ್ಳಿ. ಮೂಡಲಗಿಯಲ್ಲಿ ಆಯುಷ್ಯವೆಲ್ಲ ಅರಿವೆ ಅಂಗಡಿ ನಡೆಸಿದವರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು? ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟರು. ಮಗ ಅವರ ಕೈಗೊಂದು ದೊಡ್ಡ ಫೋನು ಕೊಟ್ಟ. ಅಷ್ಟೇ, ಕೆಲಸ ಕೆಟ್ಟಿತು! ಗೋಕಾಕದಿಂದ ಹುಕ್ಕೇರಿಯವರೆಗೆ ಪರಿಚಯದವರೆಲ್ಲ ಕಳ್ಳಿಯ ಫೋಟೋ ಕಳಿಸುವುದು, ಇವರು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಹೆಸರು ಹೇಳುವುದು. ಪೆನ್ಸಿಲ್ಲಿನಂಥ ಕಡ್ಡಿಗಳಿದ್ದರೆ ಬೊಂತೆಗಳ್ಳಿ. ಮೂರು ಏಣಿನ ಟೊಂಗೆ ಇದ್ದರೆ ಜಡೆಗಳ್ಳಿ. ಗಿಡದ ಹೆಸರು ಹೇಳುವ ಆ್ಯಪು ಫೋನಿನಲ್ಲೇ ಇದೆಯಲ್ಲ ಅಂದರೆ ಸಿಟ್ಟು! "ಅದಕ್ಕೇನ ತಿಳೀತೈತಿ? ಮುಳ್ಳು ಕಂಡ್ರ ಸಾಕು, ಕ್ಯಾಕ್ಟಸ್ ಅಂತೈತಿ. ಕ್ಯಾಕ್ಟಸ್ ಮುರದ್ರ ಹಾಲು ಬರತೈತೇನ?"

ನನಗೆ ವರ ನೋಡುವಾಗ ಘೋಡಗೇರಿಯಿಂದ ಒಬ್ಬ ಹುಡುಗನ ಫೋಟೋ ಬಂತು. ಮನೆಯವರೆಲ್ಲ ನೋಡಿ ಒಪ್ಪಿದರು. ಕೊನೆಗೆ ಫೋನು ಹಿರಿಯರಾದ ಕಾಕಾನ ಕೈಗೆ ಹೋಯಿತು. ಚಷ್ಮಾ ಏರಿಸಿದರು. ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಅಲ್ಲಾಡಿಸಿ, "ಇದರ ಜಾತಿ ಬ್ಯಾರೆ ಐತಿ," ಅಂದರು.

ನಮ್ಮವ್ವ ಕುಡಿಯುತ್ತಿದ್ದ ಚಹಾದ ಬಸಿ ಕೆಳಗಿಟ್ಟಳು. "ಅಯ್ಯ ಶಿವನ! ಮಧ್ಯಸ್ಥರು ಎಲ್ಲಾ ಕೇಳೇನಿ ಅಂದಿದ್ರಲ್ರಿ!"

"ಹುಡುಗಂದಲ್ಲವಾ," ಅಂದರು ಕಾಕಾ ಶಾಂತವಾಗಿ, "ಹಿಂದ ನಿಂತದ್ದರದು. ನಾ ಜಡೆಗಳ್ಳಿ ಅಂತ ತಿಳಕೊಂಡಿದ್ನಿ."

ಅದೇ ಹುಡುಗ ಈಗ ನನ್ನ ಗಂಡ. ಮದುವೆಯ ದಿನ ಅವರನ್ನು ಎದುರಿಗೆ ಕಂಡು ಕಾಕಾ ನನ್ನ ಕಿವಿಯಲ್ಲಿ, "ಇವರು ಯಾರವ್ವಾ?" ಅಂತ ಕೇಳಿದ್ದು ಸುಳ್ಳಲ್ಲ!

ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ದೂರದ ಅಜ್ಜನೊಬ್ಬ ತೀರಿದ ಸುದ್ದಿ ಬಂತು, ಜೊತೆಗೆ ಹೊಲದಲ್ಲಿ ನಿಂತ ಅವನ ಫೋಟೋ. ಎಲ್ಲರೂ ಕೈಮುಗಿದು "ಓಂ ಶಾಂತಿ" ಹಾಕುತ್ತಿದ್ದಾರೆ. ನಡುವೆ ಕಾಕಾನ ಪ್ರಶ್ನೆ: "ಬಲಗಡೆ ಬದುವಿನ ಮ್ಯಾಲಿನ ಗಿಡ ಇನ್ನೂ ಐತೇನ್ರಿ?" ಕಾಕಾನ ಹೆಂಡತಿ, ನಮ್ಮ ಕಾಕೂ, ಎರಡು ದಿನ ಫೋನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

ಹಾಗಂತ ಅವರು ಹೇಳಿದ್ದೆಲ್ಲ ಖರೆ ಅಂತ ತಿಳಿಯಬೇಡಿ. ಹುಕ್ಕೇರಿ ಕಡೆಯ ಹೋಟೆಲೊಂದರ ಫೋಟೋ ನೋಡಿ, "ಇದು ನಮ್ಮ ಸೀಮಿದಲ್ಲ, ಆಫ್ರಿಕಾದ್ದು!" ಅಂತ ತೀರ್ಪು ಕೊಟ್ಟು ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಹೊರಟರು. ಗಿಡ ಬಾಗಿಲಲ್ಲೇ ನಿಂತಿತ್ತು, ಹಸಿರೋ ಹಸಿರು! ಕಣ್ಣಿಗೆ ಹಾಲು ಸಿಡಿದೀತೆಂದು ನಮ್ಮನ್ನು ದೂರ ನಿಲ್ಲಿಸಿ, ತಾವು ಮುಖ ಹೊರಳಿಸಿ ಉಗುರಿನಿಂದ ಮೆಲ್ಲಗೆ ಗೀರಿದರು. ಹಾಲಿಲ್ಲ. ಇನ್ನೊಮ್ಮೆ ಗೀರಿದರು.

"ಕಾಕಾ, ಗೀರಬ್ಯಾಡ್ರಿ," ಅಂದ ಹೋಟೆಲಿನವ. "ಬಣ್ಣ ಹೋಗತೈತಿ. ಪ್ಲಾಸ್ಟಿಕ್ ಐತ್ರಿ ಅದು."

ವಾಪಸು ಬರುವಾಗ ದಾರಿಯುದ್ದಕ್ಕೂ ಕಾಕಾ ಉಗುರಿಗೆ ಹತ್ತಿದ ಹಸಿರು ಬಣ್ಣ ಒರೆಸಿಕೊಳ್ಳುತ್ತಿದ್ದರು. ಮೂಡಲಗಿ ಬಂದ ಮೇಲೆ ಒಂದೇ ಮಾತು: "ಮಾಡಿದಾವ ಮಾತ್ರ ಆಫ್ರಿಕಾದ ಗಿಡ ನೋಡೇ ಮಾಡ್ಯಾನ."

ಕಳೆದ ವರ್ಷ ದೀಪಾವಳಿಗೆ ನಾವೆಲ್ಲ ಕಾಕಾನ ಮನೆಯಲ್ಲಿ ಕೂಡಿದ್ದೆವು. ಕಾಕೂನ ಅಪ್ಪನ ಊರು ಕೌಜಲಗಿಯಿಂದ ಅವಳ ತಮ್ಮ, ಅಂದರೆ ಚಿಕ್ಕಪ್ಪನ ಮಗ, ಫೋನಿಗೆ ಒಂದು ಫೋಟೋ ಕಳಿಸಿದ. ಸುಣ್ಣ ಹಚ್ಚಲು ಅಟ್ಟ ಖಾಲಿ ಮಾಡುವಾಗ ಸಿಕ್ಕ ಹಳೆಯ ಕಪ್ಪು-ಬಿಳುಪು ಫೋಟೋ. ಆ ಮನೆಯ ಹಿತ್ತಲಲ್ಲಿ ಹರೆಯದ ಹೆಂಗಸೊಬ್ಬಳು ಸೆರಗು ಹೊದ್ದು ನಿಂತಿದ್ದಾಳೆ. ಕಾಕೂನ ಹಡೆದವ್ವ. ಕಾಕೂ ಹುಟ್ಟಿ ತಿಂಗಳು ತುಂಬುವುದರೊಳಗೆ ತೀರಿಕೊಂಡವಳು. ತುಕ್ಕಾನಟ್ಟಿಯಲ್ಲಿ ಅಜ್ಜಿಯ ಹತ್ತಿರ ಬೆಳೆದ ಕಾಕೂ ತನ್ನ ತಾಯಿಯ ಮುಖ ಕಂಡದ್ದು ಅವತ್ತೇ ಮೊದಲು.

ನಾವೆಲ್ಲ ಫೋನಿನ ಸುತ್ತ ನೆರೆದೆವು. ಕಾಕಾ ಫೋನು ಇಸಿದುಕೊಂಡು ಹಿಗ್ಗಿಸತೊಡಗಿದರು. ಮುಖವನ್ನಲ್ಲ! ಹಿಂದಿನ ಗಿಡವನ್ನು.

"ಇವತ್ತರೆ ಗಿಡ ಬಿಡ್ರಿ ಕಾಕಾ," ಅಂದೆ ನಾನು. ನನಗೂ ತಡೆಯಲಾಗಲಿಲ್ಲ.

ಅವರು ನನ್ನ ಕಡೆ ನೋಡಲೇ ಇಲ್ಲ. ಕಾಕೂನನ್ನು ಕೇಳಿದರು: "ನಿಮ್ಮವ್ವನ ಮದುವಿ ಯಾವಾಗ ಆಗಿತ್ತು?"

"ಬ್ಯಾಸಿಗ್ಯಾಗ. ಮುಂದ ಬಂದ ಸಂಕ್ರಾಂತಿಗೆ ನಾ ಹುಟ್ಟೀನಿ." ಕಾಕೂ ಕಣ್ಣೊರೆಸಿಕೊಂಡಳು. "ಇದು ಮದುವಿ ಆದ ಹೊಸತ್ಲೆ ತಗದದ್ದು ಇರಬೇಕ್ರಿ. ಆಕಿ ಜೋಡಿ ನಂದೊಂದು ಫೋಟೋ ಎಲ್ಲಿಂದ ಬರಬೇಕು?"

ಕಾಕಾ ತಕ್ಷಣ ಕೌಜಲಗಿಗೆ ಫೋನು ಹಚ್ಚಿದರು. ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವುದು ಅವರ ಜಾಯಮಾನವೇ ಅಲ್ಲ! "ತಮ್ಮಾ, ಹಿತ್ತಲದಾಗ ಕಳ್ಳಿ ಐತಲ್ಲ, ಅದು ಬ್ಯಾಸಿಗ್ಯಾಗ ಎಲಿ ಹಿಡೀತೈತೇನ?"

"ಎಲ್ಲಿದ್ರಿ ಮಾಮಾ! ಬೋಳ ನಿಂತಿರತೈತಿ. ಮಳಿ ಬಿದ್ದ ಮ್ಯಾಲೇ ಎಲಿ."

ಕಾಕಾ ಫೋನಿಟ್ಟು ಕಾಕೂನ ಬಾಜೂಕ ಬಂದು ಕೂತರು. "ಇದು ಎಲೆಗಳ್ಳಿ. ನೋಡಿಲ್ಲೆ, ಟೊಂಗಿ ತುದಿಗೆಲ್ಲಾ ಎಲಿ ತುಂಬೈತಿ. ಅಂದ್ರ ಬ್ಯಾಸಿಗಿ ಅಲ್ಲ. ಶ್ರಾವಣ ಇರಬೇಕು, ಭಾದ್ರಪದ ಇರಬೇಕು. ಆಕಿ ಗಂಡನ ಮನ್ಯಾಗ ಕಂಡದ್ದು ಒಂದ ಮಳಿಗಾಲ."

ಕಾಕೂಗೆ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ.

"ಆಗ ನೀ ಹೊಟ್ಟ್ಯಾಗಿದ್ದಿ," ಅಂದರು ಕಾಕಾ.

ಕಾಕೂ ಫೋನು ತೆಗೆದುಕೊಂಡಳು. ಎರಡು ಬೆರಳಿಟ್ಟು, ಗಂಡ ಮಾಡುವಂತೆಯೇ, ಮೆಲ್ಲಗೆ ಹಿಗ್ಗಿಸಿದಳು. ತಾಯಿಯ ಸೆರಗಿನ ನೆರಿಗೆ ಹೊಟ್ಟೆಯ ಮೇಲೆ ಇಳಿದಿತ್ತು. ಅಲ್ಲಿಗೇ ನಿಲ್ಲಿಸಿ ನೋಡುತ್ತ ಕೂತಳು.

ಸಂಜೆ ಹಬ್ಬದ ಫರಾಳದ ಉಂಡಿ-ಚಕ್ಕುಲಿ ಕೊಡಲು ಓಣಿಯ ಹೆಂಗಸರು ಬಂದರು. ಕಾಕೂ ಒಬ್ಬೊಬ್ಬರನ್ನೂ ಕೂಡಿಸಿಕೊಂಡು ಫೋಟೋ ತೋರಿಸಿದಳು. ಮೊದಲು ಮುಖದ ಮೇಲೆ ಬೆರಳಿಟ್ಟು, "ಇಕಿ ನಮ್ಮವ್ವ" ಅನ್ನುವಳು. ಆಮೇಲೆ ಬೆರಳನ್ನು ಸ್ವಲ್ಪ ಕೆಳಗೆ ಸರಿಸಿ, "ಇಲ್ಲಿ ನಾನು."